ತಬ್ಬಲಿಯೋ, ತಾಯಿಗಾಗಿ ಕಾದಿರುವ ಮರಿಯೋ?



ಕಳೆದ ಮಳೆಗಾಲದ ಒಂದು ಮುಂಜಾನೆ. ಕಾಫಿಯ ಲೋಟ ಇನ್ನೂ ಕೈಯಲ್ಲಿತ್ತು. ದಿನಪತ್ರಿಕೆಯ ಮೊದಲ ಪುಟವನ್ನೂ ನಾನು ಮುಗಿಸಿರಲಿಲ್ಲ. ಅಷ್ಟರಲ್ಲಿ ದೂರವಾಣಿ ಕರೆಯೊಂದು ಬಂತು. ಮಾತನಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅವಳೂ ಅಜ್ಜಿ. ನಮ್ಮ ರಾಬರ್ಟ್‌ಸನ್‌ಪೇಟೆಯ ಹೊರವಲಯದಲ್ಲಿ, ಗಣಿಯ ಹಳೆಯ ಜಮೀನಿಗೆ ಅಂಟಿಕೊಂಡಂತಿರುವ ಬಡಾವಣೆಯಲ್ಲಿ ಅವಳ ಮನೆ.

"ಸಾರ್, ಬೇಲಿಯಾಚೆ ಹುಲ್ಲಿನಲ್ಲಿ ಒಂದು ಜಿಂಕೆಮರಿ ಮಲಗಿದೆ. ಸುತ್ತಮುತ್ತ ತಾಯಿ ಎಲ್ಲೂ ಕಾಣುತ್ತಿಲ್ಲ. ಮೊಮ್ಮಗ ಹತ್ತಿರ ಹೋದರೂ ಅಲ್ಲಾಡುತ್ತಿಲ್ಲ. ಪಾಪ, ತಬ್ಬಲಿ ಅನ್ನಿಸುತ್ತೆ. ಎತ್ತಿಕೊಂಡು ಬಂದು ಸ್ವಲ್ಪ ಹಾಲು ಕುಡಿಸಲೇ?"

"ಬೇಡಮ್ಮ, ಮುಟ್ಟಬೇಡ" ಎಂದೆ. ನನ್ನ ಧ್ವನಿ ಎಷ್ಟು ಗಡುಸಾಗಿತ್ತೆಂದರೆ, ಐವತ್ತು ದಾಟಿದ ಆ ಹೆಣ್ಣುಮಗಳು ತರಗತಿಯಲ್ಲಿ ಬೈಸಿಕೊಂಡವಳಂತೆ ಸುಮ್ಮನಾದಳು. ಅನಂತರ ನನಗೇ ನಾಚಿಕೆಯಾಯಿತು. ಅವಳ ಮೇಲೆ ನನಗೆ ಸಿಟ್ಟು ಬಂದಿರಲಿಲ್ಲ. ಆ ಗಡಸುತನದ ಹಿಂದೆ ನಾಲ್ಕು ದಶಕಗಳಿಗೂ ಹಿಂದಿನ ಒಂದು ನೆನಪಿತ್ತು. ಅದನ್ನು ಈವರೆಗೆ ನಾನು ಯಾರಲ್ಲಿಯೂ ಹೇಳಿಕೊಂಡಿಲ್ಲ. ಇಂದು ಹೇಳಿಕೊಳ್ಳುತ್ತೇನೆ.

ಅದು 1981ನೆಯ ಇಸವಿ. ನಾನಾಗ ಏಳನೆಯ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಮೇಷ್ಟ್ರಾಗಿ ಕೆಲವೇ ವರ್ಷಗಳಾಗಿದ್ದವು. ಉತ್ಸಾಹ ಬಹಳ, ತಿಳಿವಳಿಕೆ ಕಡಿಮೆ. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹುಡುಗನೊಬ್ಬ ಅಂಗಿಯ ಒಳಗೆ ಏನನ್ನೋ ಬಚ್ಚಿಟ್ಟುಕೊಂಡು ಬಂದು ನನ್ನ ಮೇಜಿನ ಬಳಿ ನಿಂತ. ಅವನ ತಂದೆ ಚಾಂಪಿಯನ್ ರೀಫ್ ಗಣಿಯ ಕಾರ್ಮಿಕರು. ಮನೆಮಾತು ತಮಿಳು, ಕನ್ನಡವನ್ನು ಅವನು ಎಚ್ಚರದಿಂದ, ಒಂದೊಂದೇ ಮೆಟ್ಟಿಲು ಇಳಿಯುವವನಂತೆ ಮಾತನಾಡುತ್ತಿದ್ದ. ಅಂಗಿಯ ಗುಂಡಿ ಬಿಚ್ಚಿ ತೋರಿಸಿದಾಗ ಅಲ್ಲಿ ಅಂಗೈ ತುಂಬುವಷ್ಟು ದೊಡ್ಡದಾದ ಒಂದು ಮೊಲದ ಮರಿ. ಕಣ್ಣು ತೆರೆದಿತ್ತು, ಮೈತುಂಬ ಕೂದಲಿತ್ತು, ಎದೆ ಮಾತ್ರ ಡವಡವನೆ ಹೊಡೆದುಕೊಳ್ಳುತ್ತಿತ್ತು.

"ಹುರುಳಿ ಹೊಲದ ಬದುವಿನಲ್ಲಿ ಒಂಟಿಯಾಗಿ ಕೂತಿತ್ತು ಸಾರ್. ಅದಕ್ಕೆ ಅಮ್ಮ ಇಲ್ಲ" ಎಂದ.

ನಾನು ಹಿಗ್ಗಿಹೋದೆ. ತರಗತಿಯ ಮುಂದೆ ಅವನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದೆ. ಕಪ್ಪುಹಲಗೆಯ ಮೇಲೆ 'ಭೂತದಯೆ' ಎಂದು ದೊಡ್ಡದಾಗಿ ಬರೆದು, ಅಂದಿನ ಪ್ರಬಂಧದ ವಿಷಯ ಅದೇ ಎಂದು ಸಾರಿದೆ. ಸೀಮೆಸುಣ್ಣದ ಡಬ್ಬಗಳು ಬರುತ್ತಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಮರಿಯನ್ನು ಇಟ್ಟೆವು. ನಾನೇ ಮನೆಯಿಂದ ಹಸುವಿನ ಹಾಲು ತಂದೆ. ಮಸಿ ತುಂಬುವ ಫಿಲ್ಲರನ್ನು ತೊಳೆದು, ಅದರಿಂದ ತೊಟ್ಟು ತೊಟ್ಟಾಗಿ ಕುಡಿಸಿದೆವು. ಬಿಡುವಿನ ವೇಳೆಯಲ್ಲಿ ಇಡೀ ಶಾಲೆ ಸಾಲುಗಟ್ಟಿ ಬಂದು ಆ ಮರಿಯನ್ನು ಮುಟ್ಟಿ ಮುದ್ದಿಸಿ ಹೋಯಿತು. ಎರಡನೆಯ ದಿನ ಅದಕ್ಕೆ ಭೇದಿಯಾಯಿತು. ಮೂರನೆಯ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಅದು ಸೆಟೆದುಕೊಂಡಿತ್ತು.

ಆಟದ ಮೈದಾನದ ಮೂಲೆಯಲ್ಲಿ ಅದನ್ನು ಮಣ್ಣು ಮಾಡಿದೆವು. ಎಲ್ಲರೂ ಹೋದ ಮೇಲೆ ಹುಡುಗ ನನ್ನ ಬಳಿಯೇ ಉಳಿದುಕೊಂಡ.

"ಸಾರ್, ನಿನ್ನೆ ಸಾಯಂಕಾಲ ನಾನು ಆ ಹೊಲಕ್ಕೆ ಹೋಗಿದ್ದೆ. ಅದೇ ಜಾಗದಲ್ಲಿ ಒಂದು ದೊಡ್ಡ ಮೊಲ ಕೂತಿತ್ತು. ಅದು ಅಮ್ಮನಾ ಸಾರ್?"

ಆಗ ನಾನು ಕೊಟ್ಟ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ. "ಅಲ್ಲಪ್ಪ, ಅದು ಬೇರೆ ಯಾವುದೋ ಮೊಲ. ಇದರ ತಾಯಿಯನ್ನು ನರಿ ಹಿಡಿದಿರಬೇಕು. ನೀನು ತರದಿದ್ದರೆ ಇದು ಅಂದೇ ಸಾಯುತ್ತಿತ್ತು" ಎಂದೆ. ನನಗೆ ಮೊಲದ ವಿಷಯವೂ ಗೊತ್ತಿರಲಿಲ್ಲ, ನರಿಯ ವಿಷಯವೂ ಗೊತ್ತಿರಲಿಲ್ಲ. ಹುಡುಗನ ದುಃಖ ತಣಿಯಲೆಂದು ಹಾಗೆ ಹೇಳಿದೆನೋ, ನನ್ನ ಚಪ್ಪಾಳೆ ವ್ಯರ್ಥವಾಗಬಾರದೆಂದು ಹೇಳಿದೆನೋ, ದೇವರೇ ಬಲ್ಲ. ಅವನು ತಲೆಯಾಡಿಸಿದ. ನಂಬಿದವನಂತೆ ಕಾಣಲಿಲ್ಲ. ಭೂಮಿಯೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿಯುವ ತಂದೆಯ ಮಗ ಅವನು. ಪಾಳಿ ಮುಗಿಯುವ ಸೈರನ್ನಿಗೆ ಕಿವಿಗೊಟ್ಟು, ಬರಬೇಕಾದವರು ಬರುವವರೆಗೆ ಬಾಗಿಲಲ್ಲಿ ಕಾಯುವುದೆಂದರೆ ಏನೆಂಬುದು ನಮ್ಮೂರಿನ ಲೈನ್ ಮನೆಗಳ ಮಕ್ಕಳಿಗೆ ಯಾವ ಮೇಷ್ಟ್ರೂ ಕಲಿಸಬೇಕಾಗಿರಲಿಲ್ಲ.

ನಿವೃತ್ತನಾದ ಮೇಲೆ, ಓದಲು ಬೇಕಾದಷ್ಟು ಸಮಯ ದೊರೆತಾಗ, ಕಾಡುಪ್ರಾಣಿಗಳ ಕುರಿತ ಪುಸ್ತಕಗಳನ್ನು ಕೈಗೆತ್ತಿಕೊಂಡೆ. ಆಗ ತಿಳಿದ ಸಂಗತಿ ಇದು. ನಮ್ಮ ಬಯಲುಸೀಮೆಯ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲು, ಪೊದೆಗಳ ಮರೆಯ ತಗ್ಗಿನಲ್ಲಿ ಮರಿ ಹಾಕುತ್ತದೆ. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಮೈಮೇಲೆ ಕೂದಲಿರುತ್ತದೆ. ತಾಯಿ ದಿನವಿಡೀ ಅವುಗಳ ಬಳಿ ಸುಳಿಯುವುದಿಲ್ಲ. ಸುಳಿದರೆ ತನ್ನ ಮೈವಾಸನೆಯೇ ನರಿಗೂ ನಾಯಿಗೂ ದಾರಿ ತೋರಿಸೀತೆಂಬ ಎಚ್ಚರ. ಹೊತ್ತು ಮುಳುಗಿದ ಮೇಲೆ ಬಂದು, ಕೆಲವೇ ನಿಮಿಷಗಳಲ್ಲಿ ಹಾಲೂಡಿಸಿ, ಹೊರಟುಬಿಡುತ್ತದೆ. ಆ ಹಾಲು ಹಸುವಿನ ಹಾಲಿಗಿಂತ ಬಹಳ ಗಟ್ಟಿ. ಕೊಬ್ಬೂ ಪೌಷ್ಟಿಕಾಂಶವೂ ಅದರಲ್ಲಿ ಅಧಿಕ. ಆದುದರಿಂದಲೇ ಮರಿಗೆ ದಿನಕ್ಕೊಮ್ಮೆ ಕುಡಿದರೂ ಸಾಕಾಗುತ್ತದೆ. ಹಸುವಿನ ಹಾಲನ್ನು ಅದರ ಎಳೆಯ ಕರುಳು ಅರಗಿಸಿಕೊಳ್ಳಲಾರದು.

ಅಂದರೆ, ಆ ಹುಡುಗ ಕಂಡ ಮರಿ ತಬ್ಬಲಿಯಾಗಿರಲಿಲ್ಲ. ಸಂಜೆಯನ್ನು ಕಾಯುತ್ತ ಕುಳಿತಿತ್ತು, ಅಷ್ಟೆ. ಅದನ್ನು ತಬ್ಬಲಿ ಮಾಡಿದವರು ನಾವು. ಮರುದಿನ ಸಂಜೆ ಅವನು ಕಂಡದ್ದು ಬಹುಪಾಲು ಅದರ ತಾಯಿಯೇ. ಹುಡುಗನ ಕಣ್ಣು ಸರಿಯಾಗಿ ಕಂಡಿತ್ತು. ತಪ್ಪಿದ್ದು ಮೇಷ್ಟ್ರ ಮಾತು.

ಇಷ್ಟು ತಿಳಿದಿದ್ದುದರಿಂದಲೇ ಅಂದು ದೂರವಾಣಿಯಲ್ಲಿ ನಾನು ಅಷ್ಟು ಗಡುಸಾಗಿ ಮಾತನಾಡಿದ್ದು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳ ಆಚೀಚೆ, ಗಣಿಯ ಜಮೀನಿನ ಹುಲ್ಲುಗಾವಲು, ಕುರುಚಲುಗಳಲ್ಲಿ ಕೃಷ್ಣಮೃಗಗಳು ಇವೆಯೆಂಬುದು ಈ ಊರಿನವರಿಗೆ ತಿಳಿದ ವಿಷಯವೇ. ನಾವು ರೂಢಿಯಲ್ಲಿ ಜಿಂಕೆ ಎನ್ನುತ್ತೇವೆ. ಈ ಪ್ರಾಣಿಗಾಗಿಯೇ ನಮ್ಮ ರಾಜ್ಯದಲ್ಲಿ ರಾಣೆಬೆನ್ನೂರಿನ ಅಭಯಾರಣ್ಯವೂ, ತುಮಕೂರು ಜಿಲ್ಲೆಯ ಮೈದನಹಳ್ಳಿಯಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವೂ ಇವೆ. ಕೃಷ್ಣಮೃಗದ ಪದ್ಧತಿಯೂ ಹೆಚ್ಚುಕಡಿಮೆ ಮೊಲದಂತೆಯೇ. ಸಾಮಾನ್ಯವಾಗಿ ಒಂದೇ ಮರಿ. ಹುಟ್ಟಿದ ಮೊದಲ ಕೆಲವು ದಿನ ತಾಯಿ ಅದನ್ನು ಹುಲ್ಲಿನ ಮರೆಯಲ್ಲಿ ಮಲಗಿಸಿ ತಾನು ದೂರದಲ್ಲಿ ಮೇಯುತ್ತಿರುತ್ತದೆ. ಆಗಾಗ್ಗೆ ಬಂದು ಹಾಲು ಕೊಟ್ಟು ಹೋಗುತ್ತದೆ. ಯಾರಾದರೂ ಹತ್ತಿರ ಬಂದರೆ ಮರಿ ಓಡುವುದಿಲ್ಲ; ಕತ್ತನ್ನು ನೆಲಕ್ಕೆ ಚಾಚಿ ಕಲ್ಲಿನಂತೆ ಬಿದ್ದಿರುತ್ತದೆ. ಹುಟ್ಟಿನಿಂದಲೇ ಬಂದ ಈ ವಿದ್ಯೆಯನ್ನು ನಾವು ನಿತ್ರಾಣವೆಂದು ತಪ್ಪಾಗಿ ತಿಳಿಯುತ್ತೇವೆ. ಇನ್ನು ತಾಯಿಯೋ, ನಾವು ಅಲ್ಲಿ ನಿಂತಿರುವಷ್ಟು ಹೊತ್ತೂ ಹತ್ತಿರ ಬಾರದು. "ತಾಯಿ ಬರಲೇ ಇಲ್ಲ" ಎಂದು ನಾವು ಮರುಗುತ್ತ ನಿಂತಿರುವುದೇ ಅದು ಬಾರದಿರಲು ಕಾರಣ!

ಇದನ್ನೆಲ್ಲ ಆ ಹೆಣ್ಣುಮಗಳಿಗೆ ವಿವರಿಸಿದೆ. "ಸರಿ ಸಾರ್, ಆದರೆ ಬೀದಿನಾಯಿಗಳು?" ಎಂದಳು. ಪ್ರಶ್ನೆ ನ್ಯಾಯವಾದದ್ದು. ನಮ್ಮೂರಿನ ನಾಯಿಗಳ ಹಿಂಡನ್ನು ಬಲ್ಲ ಯಾರೂ ಅದನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಮುಟ್ಟಬೇಡಿರೆಂದರೆ ಕೈಕಟ್ಟಿ ಕುಳಿತಿರಿ ಎಂದರ್ಥವಲ್ಲ. ಮೊಮ್ಮಗನನ್ನು ಬೇಲಿಯ ಈಚೆ, ಮರಿಗೆ ಕಾಣದಷ್ಟು ದೂರದಲ್ಲಿ, ಒಂದು ಕೋಲು ಕೊಟ್ಟು ಕೂರಿಸು. ನಾಯಿ ಬಂದರೆ ಗದರಿಸಿ ಓಡಿಸಲಿ. ಬೇರೆ ಯಾರಿಗೂ ಸುದ್ದಿ ಹಬ್ಬಿಸಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ವಿಷಯ ತಿಳಿಸು, ಎಂದೆ. ಹಾಗೆಯೇ ಆಗಲೆಂದು ಅವಳು ಕರೆ ಮುಗಿಸಿದಳು. ನಾನು ಪತ್ರಿಕೆ ಹಿಡಿದು ಕುಳಿತೆನಾದರೂ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ನನ್ನ ಮಾತು ಕೇಳಿ ಬಿಟ್ಟಿದ್ದರಿಂದಲೇ ಆ ಮರಿ ನಾಯಿಗಳ ಪಾಲಾದರೆ? ಒಮ್ಮೆ ಎತ್ತಿಕೊಂಡು ತಪ್ಪು ಮಾಡಿದವನು ಈಗ ಬಿಟ್ಟು ತಪ್ಪು ಮಾಡುತ್ತಿದ್ದೇನೆಯೇ?

ಅಂದು ಹಗಲೆಲ್ಲ ನನಗೆ ಭರತ ಮಹಾರಾಜನ ಕಥೆ ನೆನಪಾಗುತ್ತಿತ್ತು. ಭಾಗವತದ ಐದನೆಯ ಸ್ಕಂಧದ ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ರಾಜ್ಯವನ್ನೇ ತೊರೆದು ಗಂಡಕೀ ತೀರದಲ್ಲಿ ತಪಸ್ಸಿಗೆ ಕುಳಿತವನು ಭರತ. ನೀರು ಕುಡಿಯಲು ಬಂದ ತುಂಬುಗಬ್ಬದ ಹೆಣ್ಣುಜಿಂಕೆಯೊಂದು ಸಿಂಹದ ಗರ್ಜನೆಗೆ ಬೆದರಿ ಹೊಳೆಯನ್ನು ಹಾರುತ್ತದೆ. ಮರಿ ನೀರಿಗೆ ಬೀಳುತ್ತದೆ, ತಾಯಿ ಸಾಯುತ್ತದೆ. ಭರತ ಮರಿಯನ್ನು ಎತ್ತಿ ತಂದು ಸಾಕುತ್ತಾನೆ. ಸಾಕುತ್ತ ಸಾಕುತ್ತ ಜಪತಪಗಳನ್ನೇ ಮರೆಯುತ್ತಾನೆ. ಸಾಯುವಾಗಲೂ ಅದನ್ನೇ ನೆನೆದು ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟುತ್ತಾನೆ. ಮೋಹದ ದುಷ್ಪರಿಣಾಮಕ್ಕೆ ದೃಷ್ಟಾಂತವೆಂದೇ ನಾನು ಈ ಕಥೆಯನ್ನು ಪಾಠ ಮಾಡಿದ್ದೆ. ಈಗ ಅದರಲ್ಲಿ ಇನ್ನೆರಡು ಮಾತುಗಳು ನನಗೆ ಕೇಳಿಸುತ್ತವೆ. ಒಂದು, ತಾಯಿ ಸತ್ತದ್ದನ್ನು ಭರತ ಕಣ್ಣಾರೆ ಕಂಡಿದ್ದ. ಆದುದರಿಂದ ಅವನು ಮರಿಯನ್ನು ಎತ್ತಿಕೊಂಡದ್ದು ತಪ್ಪಲ್ಲ. ಎರಡು, ಅದು ಬದುಕಿಕೊಂಡ ಮೇಲೆ ಅದನ್ನು ಅದರ ಕಾಡಿಗೆ ಬಿಟ್ಟುಕೊಡಲು ಅವನಿಂದಾಗಲಿಲ್ಲ, ತಪ್ಪಿದ್ದು ಅಲ್ಲಿ.

ಈ ಎರಡು ಮಾತುಗಳಲ್ಲಿಯೇ ತಬ್ಬಲಿ ಮರಿಯ ವಿಷಯದಲ್ಲಿ ನಾವು ಅರಿಯಬೇಕಾದ ಬಹುಪಾಲು ಅಡಗಿದೆ ಎಂಬುದು ನನ್ನ ನಮ್ರ ಅಭಿಪ್ರಾಯ. ನಿಮ್ಮಲ್ಲಿ ಅನೇಕರು ಈಗ ಹೊಲ, ತೋಟ, ಬಡಾವಣೆಗಳ ಅಂಚಿನಲ್ಲಿ ವಾಸವಾಗಿದ್ದೀರಿ. ಆದುದರಿಂದ ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮರಿ ನಿಜವಾಗಿಯೂ ತಬ್ಬಲಿಯೋ ಅಲ್ಲವೋ ಎಂದು ಮೊದಲು ನೋಡಬೇಕು. ತಾಯಿಯ ಕಳೇಬರ ಪಕ್ಕದಲ್ಲಿಯೇ ಇದ್ದರೆ, ಮರಿಯ ಮೈಮೇಲೆ ಗಾಯವೋ ರಕ್ತವೋ ಇದ್ದರೆ, ನೊಣ ಇರುವೆಗಳು ಮುತ್ತಿದ್ದರೆ, ಬೆಕ್ಕೋ ನಾಯಿಯೋ ಕಚ್ಚಿ ತಂದಿದ್ದರೆ, ಮೈ ತಣ್ಣಗಾಗಿ ಜೋತುಬಿದ್ದಿದ್ದರೆ, ಬಹಳ ಹೊತ್ತಿನಿಂದ ಎಡೆಬಿಡದೆ ಅರಚುತ್ತಿದ್ದರೆ ಅದಕ್ಕೆ ನೆರವು ಬೇಕು. ಇವುಗಳಲ್ಲಿ ಯಾವುದೂ ಇಲ್ಲದೆ, ಸುಮ್ಮನೆ ಒಂಟಿಯಾಗಿ ಮಲಗಿದ್ದರೆ ದೂರ ಸರಿದು ನಿಲ್ಲುವುದೇ ನೆರವು.

ಹಕ್ಕಿಮರಿಗಳ ವಿಷಯ. ಪುಕ್ಕ ಬಾರದ ಮರಿ ಕೆಳಗೆ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಗೂಡಿನಲ್ಲಿಯೇ ಇಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿಹಕ್ಕಿ ಸೇರಿಸದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ನಿಜವಲ್ಲ. ಪುಕ್ಕ ಬಂದು ಕುಪ್ಪಳಿಸುವ ಮರಿ ಹಾರಲು ಕಲಿಯುತ್ತಿದೆಯೆಂದು ತಿಳಿದು, ಬೆಕ್ಕಿಗೆ ಎಟುಕದ ಕೊಂಬೆಯ ಮೇಲೆ ಬಿಟ್ಟರೆ ಸಾಕು. ಉಳಿದದ್ದನ್ನು ತಾಯಿತಂದೆ ನೋಡಿಕೊಳ್ಳುತ್ತವೆ. ಅಳಿಲಿನ ಮರಿ ಬಿದ್ದಿದ್ದರೆ ಅದೇ ಮರದ ಬುಡದಲ್ಲಿ ಒಂದು ಬುಟ್ಟಿಯಲ್ಲಿಟ್ಟು ದೂರವಾಗಿರಿ. ತಾಯಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಸಾಗಿಸುವುದುಂಟು. ಚಿರತೆಯೂ ಹೀಗೆಯೇ ಎಂದರೆ ನೀವು ಬೆರಗಾಗಬಹುದು. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಕಬ್ಬು ಕಟಾವಿನ ಸಮಯದಲ್ಲಿ ಚಿರತೆಯ ಮರಿಗಳು ಸಿಗುತ್ತವೆ. ಅಲ್ಲಿನ ಅರಣ್ಯ ಇಲಾಖೆಯವರೂ ವನ್ಯಜೀವಿ ವೈದ್ಯರೂ ಅವುಗಳನ್ನು ಪರೀಕ್ಷಿಸಿ, ಸಿಕ್ಕಿದ ಜಾಗದಲ್ಲಿಯೇ ಪೆಟ್ಟಿಗೆಯಲ್ಲಿಟ್ಟು ಕತ್ತಲಾದ ಮೇಲೆ ದೂರದಿಂದ ಕಾಯುತ್ತಾರೆ. ಅನೇಕ ಸಲ ತಾಯಿ ಬಂದು ಮರಿಯನ್ನು ಒಯ್ದಿದೆ. ಆದರೆ ಚಿರತೆ, ಕರಡಿ, ಕಾಡುಹಂದಿ, ಆನೆಗಳ ಮರಿ ಕಂಡಾಗ ನಾವು ಮಾಡಬೇಕಾದುದು ಒಂದೇ: ಆ ಜಾಗ ಬಿಟ್ಟು ಹಿಂದೆ ಸರಿದು ಇಲಾಖೆಗೆ ತಿಳಿಸುವುದು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯವರಿಗಂತೂ ಗಡಿಯಾಚೆಯ ಕಾಡಿನಿಂದ ಆನೆ ಬರುವುದು ಹೊಸತಲ್ಲ. ಮರಿಯಿರುವ ತಾಯಾನೆಯ ಕೋಪವನ್ನು ಅವರಿಗೆ ನಾನು ಹೇಳಬೇಕಾಗಿಲ್ಲ.

ನೆರವು ನಿಜವಾಗಿಯೂ ಬೇಕೆನಿಸಿದ ಸಣ್ಣ ಮರಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ದಪ್ಪ ಬಟ್ಟೆಯಿಂದ ಸುತ್ತಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕತ್ತಲೆಯಾದ ನಿಶ್ಶಬ್ದ ಸ್ಥಳದಲ್ಲಿಡಿ. ಮೈ ತಣ್ಣಗಿದ್ದರೆ ಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಹಾಲು ಬೇಡ, ಅನ್ನ ಬೇಡ. ಹಕ್ಕಿಗಂತೂ ಬಾಯಿಗೆ ನೀರನ್ನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ನೆರೆಹೊರೆಯವರನ್ನು ಕರೆದು ತೋರಿಸುವುದು, ಮಕ್ಕಳ ಕೈಗೆ ಕೊಡುವುದು, ಮೊಬೈಲಿನಲ್ಲಿ ಚಿತ್ರ ತೆಗೆಯುವುದು, ಇವು ಮೂರೂ ಬೇಡ. ಕಾಡಿನ ಪ್ರಾಣಿಗೆ ನಮ್ಮ ಮುದ್ದು ಮುದ್ದಲ್ಲ, ಮೃತ್ಯುಭಯ. ನಮ್ಮ ಮೊಲ ಅರ್ಧ ಸತ್ತದ್ದು ಹಾಲಿನಿಂದಾದರೆ ಇನ್ನರ್ಧ ಆ ಭಯದಿಂದ ಎಂದು ಈಗ ನನಗನ್ನಿಸುತ್ತದೆ. ಕೋತಿ, ನರಿ, ಮುಂಗುಸಿ ಮೊದಲಾದವು ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ರೋಗ ಬಂದ ಮೇಲೆ ಮದ್ದಿಲ್ಲ.

ಕಾನೂನನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂತಹ ಪ್ರಾಣಿ ಯಾವುದೇ ರೀತಿಯಲ್ಲಿ ನಮ್ಮ ಕೈಸೇರಿದರೂ 48 ಗಂಟೆಗಳ ಒಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಮನೆಯಲ್ಲಿ ಸಾಕುವುದು ಅಪರಾಧ. ಕೃಷ್ಣಮೃಗವಂತೂ ಅತ್ಯುನ್ನತ ರಕ್ಷಣೆಯುಳ್ಳ ಮೊದಲನೆಯ ಅನುಸೂಚಿಯಲ್ಲಿದೆ. 1981ರಲ್ಲಿ ಈ ಕಾಯಿದೆ ಜಾರಿಯಲ್ಲಿದ್ದೂ ಅದರ ಹೆಸರನ್ನೇ ನಾನು ಕೇಳಿರಲಿಲ್ಲ. ಕಾನೂನಿಗೂ ಮಿಗಿಲಾದ ಕಾರಣವೊಂದಿದೆ. ಮನುಷ್ಯರ ನಡುವೆ ಬೆಳೆದ ಮರಿ ಮನುಷ್ಯನನ್ನೇ ತನ್ನವನೆಂದು ತಿಳಿಯುತ್ತದೆ. ನಾಯಿಗೆ ಹೆದರುವುದನ್ನೂ ಮೇವು ಹುಡುಕುವುದನ್ನೂ ಕಲಿಯುವುದಿಲ್ಲ. ಅನಂತರ ಅದಕ್ಕೆ ಕಾಡೂ ಇಲ್ಲ, ನಾಡೂ ಇಲ್ಲ.

ನಿಜವಾದ ತಬ್ಬಲಿಗೆ ಏನು ಗತಿ ಎಂದು ಕೇಳುವಿರಿ. ನಮಗೆ ನೆರೆಯದಾದ ಕೃಷ್ಣಗಿರಿ ಜಿಲ್ಲೆಯ ಕಾಡಂಚಿನಲ್ಲಿ 2017ರಲ್ಲಿ ತಾಯಾನೆಯೊಂದು ವಿದ್ಯುತ್ ಸ್ಪರ್ಶದಿಂದ ಸತ್ತು, ಅದರ ಮರಿ ಒಂಟಿಯಾಯಿತು. ಹಿಂಡಿಗೆ ಸೇರಿಸುವ ಯತ್ನ ಫಲಿಸದಿದ್ದಾಗ ಅದನ್ನು ಮುದುಮಲೈಯ ತೆಪ್ಪಕಾಡು ಶಿಬಿರಕ್ಕೆ ಒಯ್ದರು. ಅಲ್ಲಿ ಬೊಮ್ಮನ್ ಮತ್ತು ಬೆಳ್ಳಿ ಎಂಬವರು ಹೆತ್ತ ಮಗುವಿನಂತೆ ಅದನ್ನು ಬದುಕಿಸಿದರು. ಆ ರಘುವಿನ ಕಥೆಯೇ 2023ರಲ್ಲಿ ಆಸ್ಕರ್ ಪಡೆದ 'ದಿ ಎಲಿಫೆಂಟ್ ವಿಸ್ಪರರ್ಸ್' ಸಾಕ್ಷ್ಯಚಿತ್ರ. ಮರಿ ಬೆಳೆದ ಮೇಲೆ ಅದನ್ನು ಬೇರೆಯವರ ಸುಪರ್ದಿಗೆ ಒಪ್ಪಿಸಬೇಕಾಗಿ ಬಂದಾಗ ಆ ದಂಪತಿ ಪಟ್ಟ ಸಂಕಟವನ್ನು ನೋಡಿ ನಾನು ಕಣ್ಣೊರೆಸಿಕೊಂಡೆ. ಭರತನಿಗೆ ಸಾಧ್ಯವಾಗದ್ದನ್ನು ಅವರು ಮಾಡಿದರು. ಎಲ್ಲರೂ ಬೊಮ್ಮನ್, ಬೆಳ್ಳಿಯರಾಗಲು ಸಾಧ್ಯವಿಲ್ಲ. ಬಲ್ಲವರ ಕೈಗೆ ಬೇಗ ತಲುಪಿಸುವಷ್ಟನ್ನು ಎಲ್ಲರೂ ಮಾಡಬಹುದು.

ಇರಲಿ, ಜಿಂಕೆಮರಿಯ ವಿಷಯಕ್ಕೆ ಮರಳೋಣ. ಅಂದು ಸಂಜೆ ಏಳರ ಸುಮಾರಿಗೆ ಮತ್ತೆ ಕರೆ ಬಂತು. ಅವಳು ಪಿಸುಮಾತಿನಲ್ಲಿ ಹೇಳುತ್ತಿದ್ದಳು: "ಬಂತು ಸಾರ್! ನಾವು ಒಳಗೆ ಬಂದು ದೀಪ ಆರಿಸಿ ಕಿಟಕಿಯಿಂದ ನೋಡುತ್ತಿದ್ದೆವು. ಮೂರು ಸಲ ನಿಂತು ನಿಂತು ನೋಡಿ ಬಂತು. ಮರಿ ಎದ್ದು ನಿಂತುಕೊಂಡು ಬಾಲ ಅಲ್ಲಾಡಿಸುತ್ತ ಹಾಲು ಕುಡಿಯಿತು. ಇಬ್ಬರೂ ದಿಬ್ಬದ ಕಡೆಗೆ ಹೋದರು." ಅವಳು 'ಹೋದವು' ಎನ್ನಲಿಲ್ಲ, 'ಹೋದರು' ಎಂದಳು. ವ್ಯಾಕರಣ ತಿದ್ದುವ ಹಳೆಯ ಚಟವಿದ್ದರೂ ಅಂದು ನಾನು ತಿದ್ದಲಿಲ್ಲ. ಹಗಲೆಲ್ಲ ಕೋಲು ಹಿಡಿದು ಕುಳಿತಿದ್ದ ಮೊಮ್ಮಗನಿಗೆ ನನ್ನ ಆಶೀರ್ವಾದ ತಿಳಿಸೆಂದೆ. ಆ ಬಾಲಕ ಮರಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ನಾನು ಇನ್ನೂ ಮೇಷ್ಟ್ರಾಗಿದ್ದಿದ್ದರೆ ಅವನಿಗಾಗಿ ಚಪ್ಪಾಳೆ ತಟ್ಟಿಸುತ್ತಿದ್ದೆ.

ಕೊನೆಯದಾಗಿ ಒಬ್ಬನಿಗೆ ಒಂದು ಮಾತು. ಅಂಗಿಯೊಳಗೆ ಮೊಲದ ಮರಿ ತಂದಿದ್ದ ಹುಡುಗನೇ, ಗಣಿ ಮುಚ್ಚಿದ ಮೇಲೆ ನಮ್ಮೂರಿನ ಎಷ್ಟೋ ಕುಟುಂಬಗಳಂತೆ ನಿಮ್ಮ ಮನೆಯವರೂ ಊರು ಬಿಟ್ಟರೆಂದು ಕೇಳಿದ್ದೇನೆ. ಎಲ್ಲಿದ್ದೀಯೋ ತಿಳಿಯದು, ನಿನಗೂ ಈಗ ಐವತ್ತಾರು ಐವತ್ತೇಳು ವರ್ಷಗಳಾಗಿರಬೇಕು. ಅಂದು ನೀನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಇದು: ಹೌದಪ್ಪ, ಅದು ಅಮ್ಮನೇ ಇರಬೇಕು. ನೀನು ನೋಡಿದ್ದು ಸರಿ. ಮರಿ ಸತ್ತದ್ದಕ್ಕೆ ಕಾರಣ ನೀನಲ್ಲ. ನೀನು ಬಾಲಕ, ಕಂಡದ್ದನ್ನು ಗುರುವಿನ ಬಳಿಗೆ ತಂದೆ. 'ಎಲ್ಲಿಂದ ತಂದೆಯೋ ಅಲ್ಲಿಯೇ ಇಟ್ಟು ಬಾ' ಎಂದು ಹೇಳಬೇಕಾಗಿದ್ದವನು ನಾನು. ತಿಳಿಯದೆ ಹೇಳಲಿಲ್ಲ, ಅದಕ್ಕಿಂತ ದೊಡ್ಡ ತಪ್ಪೆಂದರೆ, ತಿಳಿಯದೆಂಬುದನ್ನೂ ಹೇಳಲಿಲ್ಲ. ಇದನ್ನು ಓದುವ ಸಹಪಾಠಿಗಳಲ್ಲಿ ಯಾರಿಗಾದರೂ ಅವನ ವಿಳಾಸ ತಿಳಿದಿದ್ದರೆ ದಯವಿಟ್ಟು ಈ ಬರಹವನ್ನು ತಲುಪಿಸಿ.